ಬಳ್ಳಾರಿ ಜಾಲಿ ಮುಳ್ಳು ಚುಚ್ಚಿದ ಮೇಲೆ ಏನಾಗುತ್ತೆ? ಒಂದು ಊತದ ಎರಡು ಸಾವಿರ ವರ್ಷದ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಇತಿಹಾಸದಲ್ಲಿ ರಾಜರಿಲ್ಲ, ಕೋಟೆ ಇಲ್ಲ. ಇರೋದು ಒಂದು ಮುಳ್ಳು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕಿನಲ್ಲಿ ಯಾವ ದಾರಿ ಹಿಡಿದ್ರೂ ಪಕ್ಕದಲ್ಲಿ ಜಾಲಿ ಸಿಗುತ್ತೆ. ಕೆರೆ ಅಂಗಳದಲ್ಲಿ, ಹಳ್ಳದ ದಂಡೆಯಲ್ಲಿ, ಬೀಳು ಬಿಟ್ಟ ಹೊಲದಲ್ಲಿ. ಕನ್ನಡದಲ್ಲಿ ಈ ಗಿಡದ ಹೆಸರೇ ಬಳ್ಳಾರಿ ಜಾಲಿ. ಆದ್ರೆ ಇದು ಬಳ್ಳಾರಿದಲ್ಲ. ಅಮೆರಿಕ ಖಂಡದ ಗಿಡ, 19ನೇ ಶತಮಾನದಲ್ಲಿ ಬ್ರಿಟಿಷರ ಕಾಲದಲ್ಲಿ ಇಲ್ಲಿಗೆ ಬಂತು. ಬಂದದ್ದು ಮತ್ತೆ ಹೋಗ್ಲಿಲ್ಲ.

ಈ ಜಾಲಿ ಮುಳ್ಳು ಚಪ್ಪಲಿ ದಾಟಿ ಪಾದಕ್ಕೆ ಇಳಿದ್ರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸಂಜೆ ಹೊತ್ತಿಗೆ ಜಾಗ ಕೆಂಪಾಗುತ್ತೆ, ಬಿಸಿಯಾಗುತ್ತೆ, ಊದುತ್ತೆ, ಚಳಕು ಹೊಡೆಯುತ್ತೆ. ಮನೇಲಿ ಒಬ್ಬರು "ಅರಿಶಿಣ ಹಚ್ಚು, ಏನೂ ಆಗಲ್ಲ" ಅಂತಾರೆ. ಇನ್ನೊಬ್ಬರು ಮೆಡಿಕಲ್ ಶಾಪಿಗೆ ಹೋಗಿ ಊತ ಇಳಿಯೋ ಮಾತ್ರೆ ತರ್ತಾರೆ. ಇಬ್ಬರ ತಲೆಯಲ್ಲೂ ಇರೋದು ಒಂದೇ ಮಾತು: ಊತ ಅಂದ್ರೆ ಕೆಟ್ಟದ್ದು, ಅದನ್ನ ಬೇಗ ಓಡಿಸಬೇಕು.

ಆ ಮಾತು ಎಷ್ಟು ನಿಜ? ಊತ ರೋಗವಾ, ಅಥವಾ ರಿಪೇರಿಯಾ? ಇದಕ್ಕೆ ಉತ್ತರ ಹುಡುಕೋಕೆ ಮನುಷ್ಯರಿಗೆ ಸುಮಾರು ಎರಡು ಸಾವಿರ ವರ್ಷ ಹಿಡೀತು. ಆ ಉತ್ತರ ಗೊತ್ತಿಲ್ಲದೆ ಕಾಲು ಕಳ್ಕೊಂಡವರಿದ್ದಾರೆ. ಅದಕ್ಕೇ ಈ ಸಂಚಿಕೆ.

ಹೆಸರಲ್ಲೇ ಅರ್ಧ ಕಥೆ

ಇಂಗ್ಲಿಷ್‌ನಲ್ಲಿ ಇನ್‌ಫ್ಲಮೇಶನ್ ಅಂತಾರೆ. ಕನ್ನಡದಲ್ಲಿ ಉರಿಯೂತ. ಈ ಪದ ಸ್ವಲ್ಪ ಬಿಡಿಸಿ ನೋಡಿ: ಉರಿ, ಊತ. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ರೋಮ್‌ನ ಸೆಲ್ಸಸ್ ಅನ್ನೋ ಲೇಖಕ ವೈದ್ಯಶಾಸ್ತ್ರದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಅದರಲ್ಲಿ ಉರಿಯೂತಕ್ಕೆ ನಾಲ್ಕು ಗುರುತು ಕೊಟ್ಟ: ಕೆಂಪು, ಊತ, ಬಿಸಿ, ನೋವು. ಇವತ್ತಿಗೂ ಮೆಡಿಕಲ್ ಕಾಲೇಜಲ್ಲಿ ಇದನ್ನೇ ಮೊದಲು ಹೇಳಿಕೊಡ್ತಾರೆ. ನಮ್ಮ ಪದದೊಳಗೆ ಆ ನಾಲ್ಕರಲ್ಲಿ ಎರಡು ಆಗಲೇ ಕೂತಿವೆ.

ನಮ್ಮ ದೇಶದ ಸುಶ್ರುತ ಸಂಹಿತೆ ಇನ್ನೊಂದು ದಾರಿ ಹಿಡೀತು. ಗುರುತಿನ ಜೊತೆಗೆ ಸಮಯವನ್ನೂ ನೋಡ್ತು. ಬಾವಿಗೆ ಮೂರು ಹಂತ: ಆಮ, ಪಚ್ಯಮಾನ, ಪಕ್ವ. ಅಂದ್ರೆ ಕಾಯಿ, ಹಣ್ಣಾಗ್ತಿರೋದು, ಹಣ್ಣು. ಕಾಯಿ ಇರುವಾಗಲೇ ಕೊಯ್ಯೋ ವೈದ್ಯ, ಹಣ್ಣಾದ ಮೇಲೂ ಸುಮ್ಮನೆ ಬಿಡೋ ವೈದ್ಯ, ಇಬ್ಬರದ್ದೂ ತಪ್ಪು ಅಂತ ಆ ಗ್ರಂಥ ಹೇಳುತ್ತೆ. ನಮ್ಮ ಹಳ್ಳಿಗಳಲ್ಲಿ ಈಗಲೂ "ಕುರು ಇನ್ನೂ ಹಣ್ಣಾಗಿಲ್ಲ" ಅಂತಾರಲ್ಲ, ಅದೇ ಲೆಕ್ಕ.

ಈ ಮಾತಿನಲ್ಲಿ ಒಂದು ದೊಡ್ಡ ವಿಷಯ ಇದೆ. ಊತ ನಿಂತಲ್ಲೇ ನಿಲ್ಲೋದಿಲ್ಲ, ಅದಕ್ಕೆ ಶುರು ಇದೆ, ಮಧ್ಯ ಇದೆ, ಮುಗಿಯೋದು ಇದೆ. ಆದ್ರೆ ಒಳಗೆ ಯಾರು ಕೆಲಸ ಮಾಡ್ತಿದ್ದಾರೆ ಅಂತ ರೋಮ್‌ನವರಿಗೂ ಕಾಣಲಿಲ್ಲ, ನಮ್ಮವರಿಗೂ ಕಾಣಲಿಲ್ಲ. ಮೈಕ್ರೋಸ್ಕೋಪ್ ಇರಲಿಲ್ಲ.

ಗುಂಡೇಟು ತಿಂದ ಸೈನಿಕರು

ಈಗ 1761ಕ್ಕೆ ಹೋಗೋಣ. ಫ್ರಾನ್ಸ್ ತೀರದ ಬೆಲ್ ಇಲ್ ಅನ್ನೋ ದ್ವೀಪದಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ. ಜಾನ್ ಹಂಟರ್ ಅನ್ನೋನು ಇಂಗ್ಲಿಷ್ ಸೇನೆಯ ಸರ್ಜನ್. ಆಗಿನ ಪದ್ಧತಿ ಏನು ಗೊತ್ತಾ? ಗುಂಡು ಹೊಕ್ಕ ಗಾಯವನ್ನ ಚಾಕು ಹಾಕಿ ಇನ್ನಷ್ಟು ಅಗಲ ಮಾಡೋದು, ಒಳಗೆ ಕೆದಕೋದು. ಆದ್ರೆ ಕೆಲವು ಫ್ರೆಂಚ್ ಸೈನಿಕರು ಗುಂಡೇಟು ತಿಂದು ಒಂದು ಖಾಲಿ ತೋಟದ ಮನೆಯಲ್ಲಿ ನಾಲ್ಕು ದಿನ ಅಡಗಿ ಕೂತಿದ್ರು. ಯಾವ ವೈದ್ಯನೂ ಅವರನ್ನ ಮುಟ್ಟಿರಲಿಲ್ಲ. ಹಂಟರ್ ನೋಡಿದಾಗ ಅವರ ಗಾಯಗಳ ಸ್ಥಿತಿ ಚೆನ್ನಾಗೇ ಇತ್ತು.

ಇದು ಅವನ ತಲೆಯಲ್ಲಿ ಉಳೀತು. ಅವನು ಸತ್ತ ಮರುವರ್ಷ, 1794ರಲ್ಲಿ, ರಕ್ತ, ಉರಿಯೂತ ಮತ್ತು ಗುಂಡೇಟಿನ ಗಾಯಗಳ ಬಗ್ಗೆ ಅವನ ಪುಸ್ತಕ ಅಚ್ಚಾಯ್ತು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಆಳ್ತಿದ್ದ ಕಾಲ ಅದು. ಪುಸ್ತಕದಲ್ಲಿ ಅವನು ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಉರಿಯೂತವನ್ನ ರೋಗ ಅಂತ ನೋಡಬೇಡಿ, ಅದು ಪೆಟ್ಟಿಗೆ ದೇಹ ಕೊಡೋ ಉತ್ತರ, ಬಹಳ ಸಲ ಒಳ್ಳೆಯದಕ್ಕೇ ಆಗುತ್ತೆ.

ಕಪ್ಪೆ, ಆಮೇಲೆ ಇನ್ನೊಂದು ಮುಳ್ಳು

1867ರಲ್ಲಿ ಜರ್ಮನಿಯ ಜೂಲಿಯಸ್ ಕೋನ್‌ಹೈಮ್ ಕಪ್ಪೆಯ ಕರುಳಿನ ತೆಳು ಪೊರೆಯನ್ನ ಮೈಕ್ರೋಸ್ಕೋಪ್ ಕೆಳಗೆ ಹರಡಿ ಗಂಟೆಗಟ್ಟಲೆ ನೋಡ್ದ. ರಕ್ತನಾಳ ಹಿಗ್ಗುತ್ತೆ, ರಕ್ತ ನಿಧಾನ ಆಗುತ್ತೆ, ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟಿಕೊಂಡು ನಿಧಾನಕ್ಕೆ ನುಸುಳಿ ಹೊರಗೆ ಬರ್ತವೆ. ಕೀವು ಎಲ್ಲಿಂದ ಬರುತ್ತೆ ಅನ್ನೋ ಹಳೇ ಪ್ರಶ್ನೆಗೆ ಉತ್ತರ ಸಿಕ್ತು: ರಕ್ತದಿಂದಲೇ. ಆದ್ರೆ ಅವು ಹೊರಗೆ ಯಾಕೆ ಬರ್ತವೆ? ಕೆಲಸಕ್ಕಾ, ಅಥವಾ ನಾಳ ಕೆಟ್ಟು ಸೋರಿ ಹೋಗ್ತಿವೆಯಾ? ಇದು ಗೊತ್ತಾಗ್ಲಿಲ್ಲ. ಆಗಿನ ಎಷ್ಟೋ ವೈದ್ಯರು, ಬಿಳಿ ಕಣಗಳೇ ರೋಗಾಣುಗಳನ್ನ ಮೈತುಂಬಾ ಹೊತ್ತು ಹರಡ್ತವೆ ಅಂತ ನಂಬಿದ್ರು.

1882ರ ಕೊನೆ. ಇಟಲಿಯ ಮೆಸ್ಸೀನಾ ಊರಿನ ಸಮುದ್ರ ದಂಡೆ. ರಷ್ಯಾದಿಂದ ಬಂದಿದ್ದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್ ಮನೇಲಿ ಒಬ್ಬನೇ ಇದ್ದ. ಮನೆಯವರೆಲ್ಲಾ ಸರ್ಕಸ್ ನೋಡೋಕೆ ಹೋಗಿದ್ರು. ಅವನ ಮುಂದೆ ಮೈಕ್ರೋಸ್ಕೋಪ್, ಅದರಡಿ ನಕ್ಷತ್ರಮೀನಿನ ಮರಿ. ಗಾಜಿನ ಹಾಗೆ ಪಾರದರ್ಶಕ ಮೈ, ಒಳಗೆ ಓಡಾಡೋ ಕಣಗಳು ಕಾಣ್ತವೆ. ಅವನಿಗೆ ಒಂದು ಯೋಚನೆ ಬಂತು: ಈ ಕಣಗಳು ಕಾವಲಿನವರಾಗಿದ್ರೆ, ಮುಳ್ಳು ಚುಚ್ಚಿದ ಜಾಗಕ್ಕೆ ಓಡಿ ಬರಬೇಕಲ್ವಾ?

ಎದ್ದು ಮನೆಯ ಕೈತೋಟಕ್ಕೆ ಹೋಗಿ ಗುಲಾಬಿ ಮುಳ್ಳು ಕಿತ್ತು ತಂದ. ಮರಿಯ ಚರ್ಮದ ಕೆಳಗೆ ಚುಚ್ಚಿದ. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ನೋಡಿದ್ರೆ ಮುಳ್ಳಿನ ಸುತ್ತ ಆ ಕಣಗಳು ಗುಂಪು ಕಟ್ಟಿ ಮುತ್ತಿಕೊಂಡಿವೆ!

ಗಮನಿಸಿ, ನಕ್ಷತ್ರಮೀನಿನ ಮರಿಗೆ ನಮ್ಮ ಹಾಗೆ ರಕ್ತನಾಳ ಇಲ್ಲ. ನಾಳ ಕೆಟ್ಟು ಸೋರೋ ಪ್ರಶ್ನೆಯೇ ಇಲ್ಲ. ಹಾಗಾದ್ರೆ ಕಣಗಳು ತಾವಾಗೇ ಕೆಲಸಕ್ಕೆ ಬಂದಿವೆ. ಉರಿಯೂತದ ಮೂಲ ಉದ್ದೇಶವೇ ಇದು ಅಂತ ಮೆಚ್ನಿಕಾಫ್ ವಾದ ಮಾಡಿದ. ನುಂಗೋ ಕಣಗಳಿಗೆ ಫ್ಯಾಗೋಸೈಟ್ ಅಂತ ಹೆಸರು ಬಂತು. ಬಹಳ ಜನ ನಕ್ಕರು, ವರ್ಷಗಟ್ಟಲೆ ಜಗಳ ನಡೀತು. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ಅವನಿಗೆ ನೊಬೆಲ್ ಬಂತು.

ನಿಮ್ಮ ಪಾದದೊಳಗೆ ದಿನದಿನಕ್ಕೆ

ಈಗ ಮೆಸ್ಸೀನಾದಿಂದ ವಾಪಸ್ ನಮ್ಮ ಜಾಲಿ ಮುಳ್ಳಿಗೆ ಬರೋಣ. ಇವತ್ತು ನಮಗೆ ಗೊತ್ತಿರೋ ಪ್ರಕಾರ ಒಳಗೆ ನಾಲ್ಕು ಪಾಳಿಯ ಕೆಲಸ ನಡೆಯುತ್ತೆ.

ಮೊದಲ ಪಾಳಿ, ನಿಮಿಷಗಳ ಲೆಕ್ಕ. ಡೆಂಗಿ ಬಂದಾಗ ಎಣಿಸ್ತಾರಲ್ಲ, ಆ ಪ್ಲೇಟ್‌ಲೆಟ್‌ಗಳು ಬಂದು ಒಡೆದ ನಾಳಕ್ಕೆ ಅಂಟಿಕೊಳ್ತವೆ. ಫೈಬ್ರಿನ್ ಅನ್ನೋ ನಾರಿನ ಬಲೆ ಬೀಳುತ್ತೆ. ರಕ್ತ ಹೆಪ್ಪುಗಟ್ಟುತ್ತೆ. ಜೊತೆಗೇ "ಇಲ್ಲಿ ಪೆಟ್ಟಾಗಿದೆ" ಅನ್ನೋ ರಾಸಾಯನಿಕ ಸಂದೇಶ ಹೋಗುತ್ತೆ.

ಎರಡನೇ ಪಾಳಿಯೇ ಉರಿಯೂತ. ಹಿಸ್ಟಮಿನ್‌ನಂಥ ವಸ್ತುಗಳು ಅಕ್ಕಪಕ್ಕದ ನಾಳಗಳನ್ನ ಹಿಗ್ಗಿಸ್ತವೆ. ಹೆಚ್ಚು ರಕ್ತ ಬರುತ್ತೆ, ಅದಕ್ಕೆ ಕೆಂಪು, ಅದಕ್ಕೆ ಬಿಸಿ. ನಾಳದ ಗೋಡೆ ಸ್ವಲ್ಪ ಸಡಿಲ ಆಗಿ ನೀರಿನಂಶ ಹೊರಗೆ ಬರುತ್ತೆ, ಅದಕ್ಕೆ ಊತ. ಪ್ರೋಸ್ಟಗ್ಲಾಂಡಿನ್, ಬ್ರಾಡಿಕೈನಿನ್ ಅನ್ನೋ ವಸ್ತುಗಳು ನರವನ್ನ ಕೆಣಕ್ತವೆ, ಅದಕ್ಕೆ ನೋವು. ಆ ನೋವಿನಿಂದ ನೀವು ಕಾಲೂರೋದು ಕಡಿಮೆ ಮಾಡ್ತೀರಿ, ಜಾಗಕ್ಕೆ ವಿಶ್ರಾಂತಿ ಸಿಗುತ್ತೆ. ನೋಡಿ, ಸೆಲ್ಸಸ್‌ನ ನಾಲ್ಕು ಗುರುತಿಗೂ ಒಂದೊಂದು ಕಾರಣ ಸಿಕ್ತು.

ಈ ಹಿಗ್ಗಿದ ನಾಳದ ದಾರಿಯಲ್ಲೇ ಬಿಳಿ ಕಣಗಳು ಬರೋದು. ಮೊದಲ ಗಂಟೆಗಳಲ್ಲೇ ನ್ಯೂಟ್ರೋಫಿಲ್‌ಗಳು ಬಂದು ರೋಗಾಣುಗಳನ್ನ ನುಂಗ್ತವೆ, ಕೊಲ್ತವೆ, ತಾವೂ ಸಾಯ್ತವೆ. ಕೀವಿನಲ್ಲಿ ಬಹುಪಾಲು ಇವರ ಹೆಣಗಳೇ. ಎರಡು ಮೂರು ದಿನದ ಹೊತ್ತಿಗೆ ಮ್ಯಾಕ್ರೋಫೇಜ್ ಅನ್ನೋ ದೊಡ್ಡ ಕಣಗಳದ್ದೇ ಕಾರುಬಾರು. ಅವು ಸತ್ತ ನ್ಯೂಟ್ರೋಫಿಲ್‌ಗಳನ್ನೂ, ಹಾಳಾದ ಮಾಂಸವನ್ನೂ ನುಂಗಿ ಜಾಗ ಚೊಕ್ಕಟ ಮಾಡ್ತವೆ.

ಇಡೀ ಕಥೆಯ ತಿರುವು ಇಲ್ಲೇ ಇರೋದು. ಹೆಣ ನುಂಗಿದ ಮ್ಯಾಕ್ರೋಫೇಜ್ ತನ್ನ ಮಾತು ಬದಲಿಸುತ್ತೆ. ಅಲ್ಲಿವರೆಗೆ "ಹೊಡೀರಿ" ಅಂತಿದ್ದದ್ದು ಈಗ "ಕಟ್ಟಿರಿ" ಅನ್ನುತ್ತೆ. ಮೂರನೇ ಪಾಳಿಯವರನ್ನ ಕರೆಯೋದು ಅದೇ. ಫೈಬ್ರೋಬ್ಲಾಸ್ಟ್ ಅನ್ನೋ ಕಣಗಳು ಬಂದು ಕೊಲಾಜನ್ ನಾರು ನೇಯ್ತವೆ, ಹೊಸ ಸಣ್ಣ ನಾಳಗಳು ಚಿಗುರ್ತವೆ, ಅಂಚಿನಿಂದ ಚರ್ಮ ಒಳಗೆ ಸರಿಯುತ್ತೆ. ಗಾಯದೊಳಗೆ ಕೆಂಪಗೆ ಹರಳು ಹರಳಾಗಿ ಕಾಣೋ ಹೊಸ ಮಾಂಸ ಇದೇ. ನಾಲ್ಕನೇ ಪಾಳಿ ಬಹಳ ನಿಧಾನ. ತಿಂಗಳುಗಟ್ಟಲೆ, ಕೆಲವು ಸಲ ವರ್ಷ ದಾಟಿ, ಹಳೇ ನಾರು ಕಿತ್ತು ಗಟ್ಟಿ ನಾರು ಹಾಕೋ ಕೆಲಸ. ಅಷ್ಟಾದ್ರೂ ಮಾದ ಚರ್ಮದ ಬಲ ಮೊದಲಿನ ಚರ್ಮದ ಸುಮಾರು ಶೇಕಡಾ 80ಕ್ಕಿಂತ ಮೇಲೆ ಹೋಗೋದಿಲ್ಲ.

ಇದಕ್ಕೆ ಪುರಾವೆ ಏನು ಅಂತೀರಾ? 1970ರ ದಶಕದಲ್ಲಿ ಅಮೆರಿಕದ ರಸೆಲ್ ರಾಸ್ ಮತ್ತು ಜೊತೆಗಾರರು ಗಿನಿ ಇಲಿಗಳ ಮೇಲೆ ಪ್ರಯೋಗ ಮಾಡಿದ್ರು. ನ್ಯೂಟ್ರೋಫಿಲ್ ಇಲ್ಲದ ಹಾಗೆ ಮಾಡಿದ್ರೂ, ಸೋಂಕಿಲ್ಲದ ಗಾಯ ಸರಿಯಾಗಿಯೇ ಮಾಯ್ತು. ಆದ್ರೆ 1975ರಲ್ಲಿ ಲೀಬೋವಿಚ್ ಮತ್ತು ರಾಸ್ ಮ್ಯಾಕ್ರೋಫೇಜ್‌ಗಳನ್ನ ತಡೆದಾಗ ಗಾಯದ ಕಸ ಹಾಗೇ ಉಳೀತು, ನಾರು ನೇಯೋ ಕೆಲಸ ತಡವಾಯ್ತು. ಉರಿಯೂತದ ಆ ಕಣ ಬರದಿದ್ರೆ ರಿಪೇರಿ ಶುರುವಾಗೋದೇ ಕಷ್ಟ. ಹಂಟರ್ 1794ರಲ್ಲಿ ಅಂದಾಜು ಮಾಡಿದ್ದಕ್ಕೆ ಲೆಕ್ಕ ಸಿಕ್ತು.

ಹಾಗಂತ ನೋವಿನ ಮಾತ್ರೆ ವಿಷ ಅಂತಲ್ಲ. ಆಸ್ಪಿರಿನ್ ಹೇಗೆ ಕೆಲಸ ಮಾಡುತ್ತೆ ಅಂತ 1971ರಲ್ಲಿ ಜಾನ್ ವೇನ್ ತೋರಿಸಿದ: ಪ್ರೋಸ್ಟಗ್ಲಾಂಡಿನ್ ಹುಟ್ಟೋದನ್ನೇ ತಡೆಯುತ್ತೆ. ವೈದ್ಯರು ಹೇಳಿದಷ್ಟು ತಗೊಂಡ್ರೆ ಉಪಯೋಗ ಇದೆ. ಹೆಚ್ಚು ಹುಷಾರಾಗಿರಬೇಕಾದದ್ದು ಸ್ಟೀರಾಯ್ಡ್ ವಿಷಯದಲ್ಲಿ. ಯಾರೋ ಕೊಟ್ಟ ಒಂದು ಇಂಜೆಕ್ಷನ್‌ಗೆ ಊತ ಸರ್ರನೆ ಇಳೀತು ಅಂದ್ರೆ ಗಾಯ ಮಾಯ್ತು ಅಂತಲ್ಲ. ಸ್ಟೀರಾಯ್ಡ್ ಗಾಯ ಮಾಯೋದನ್ನ ನಿಧಾನ ಮಾಡುತ್ತೆ, ಸೋಂಕು ಇದ್ರೆ ಅದನ್ನ ಮುಚ್ಚಿಡುತ್ತೆ.

ಮೈಲಾರದ ಭಂಡಾರ, ಅಮೆರಿಕದ ಪೇಟೆಂಟ್

ಸರಿ, ಅರಿಶಿಣದ ಕಥೆ ಏನು? ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆ ಜಾತ್ರೆಯಲ್ಲಿ ಹೋದವರಿಗೆ ಗೊತ್ತು, ಮೈಲಾರಲಿಂಗನ ಭಂಡಾರ ಅಂದ್ರೆ ಅರಿಶಿಣ ಪುಡಿ. ಹಣೆ, ಬಟ್ಟೆ, ನೆಲ ಎಲ್ಲಾ ಹಳದಿ. ಅದೇ ಅರಿಶಿಣ ನಮ್ಮ ಅಡುಗೆ ಮನೆಯಲ್ಲೂ ಇದೆ, ಗಾಯದ ಮೇಲೂ ಬೀಳುತ್ತೆ.

1995ರ ಮಾರ್ಚ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ, ಗಾಯ ಮಾಯಿಸಲು ಅರಿಶಿಣ ಬಳಸೋದಕ್ಕೆ ಪೇಟೆಂಟ್ ಕೊಡ್ತು! ಸಿಕ್ಕಿದ್ದು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ. ಸಂಶೋಧಕರಿಬ್ಬರೂ ಭಾರತ ಮೂಲದವರೇ. ಆಗ ನಮ್ಮ ಸಿಎಸ್‌ಐಆರ್ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಆರ್. ಎ. ಮಾಶೇಲ್ಕರ್. ಸಂಸ್ಥೆ 1996ರಲ್ಲಿ ಮರುಪರಿಶೀಲನೆ ಕೇಳ್ತು. ಹಳೇ ಗ್ರಂಥಗಳು, 1953ರ ಭಾರತೀಯ ವೈದ್ಯ ಸಂಘದ ಪತ್ರಿಕೆಯ ಲೇಖನ, ಹೀಗೆ ದಾಖಲೆ ಕೊಡ್ತು. 1997ರಲ್ಲಿ ಪೇಟೆಂಟ್ ರದ್ದಾಯ್ತು. ದೇಶಕ್ಕೆ ಅದು ದೊಡ್ಡ ಗೆಲುವು.

ನಾನು ಓದಿದ್ದು ಬಿಕಾಂ. ಹಾಗಾಗಿ ಈ ಕೇಸಿನಲ್ಲಿ ನನಗೆ ಕಂಡ ಒಂದು ಸೂಕ್ಷ್ಮ ಹೇಳ್ತೀನಿ. ಅಲ್ಲಿ ಚರ್ಚೆಯಾಗಿದ್ದು "ಇದು ಹೊಸದಾ?" ಅನ್ನೋ ಪ್ರಶ್ನೆ. ಹೊಸದಲ್ಲ ಅಂತ ನಾವು ಗೆದ್ವಿ. "ಇದರಿಂದ ಗಾಯ ಮಾಯುತ್ತಾ?" ಅನ್ನೋ ಪ್ರಶ್ನೆ ಬೇರೆ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಅರಿಶಿಣದ ಕರ್ಕ್ಯುಮಿನ್ ಲ್ಯಾಬಿನಲ್ಲಿ ಉರಿಯೂತದ ಸಂದೇಶಗಳನ್ನ ತಗ್ಗಿಸಿದ್ದು ನಿಜ. ಆದ್ರೆ 2017ರಲ್ಲಿ ಔಷಧ ರಸಾಯನಶಾಸ್ತ್ರದ ಒಂದು ದೊಡ್ಡ ಪತ್ರಿಕೆಯಲ್ಲಿ ಬಂದ ಪರಿಶೀಲನೆ, ಕರ್ಕ್ಯುಮಿನ್ ಬೇಗ ಒಡೆದು ಹೋಗುತ್ತೆ, ಮನುಷ್ಯರ ಮೇಲಿನ ಕಟ್ಟುನಿಟ್ಟಿನ ಪರೀಕ್ಷೆಗಳಲ್ಲಿ ಗೆದ್ದಿಲ್ಲ ಅಂತ ಹೇಳ್ತು.

ಇನ್ನೊಂದು ವಿಷಯ. ಡಬ್ಬಿಯ ಅರಿಶಿಣ ಪುಡಿ ಶುದ್ಧ ಔಷಧಿ ಅಲ್ಲ, ಒದ್ದೆ ಕೈ, ಚಮಚ, ದೂಳು ಎಲ್ಲಾ ಕಂಡಿರುತ್ತೆ. ಮುಳ್ಳಿನ ತೂತು ಸಣ್ಣದು, ಆಳ ಜಾಸ್ತಿ. ಮಣ್ಣಿನಲ್ಲಿ, ಸಗಣಿಯಲ್ಲಿ ಧನುರ್ವಾಯುವಿನ ಬೀಜಾಣು ಇರುತ್ತೆ, ಗಾಳಿಯಾಡದ ಆಳದಲ್ಲೇ ಅದು ಬೆಳೆಯೋದು. ಮೇಲೆ ಪುಡಿ ಮೆತ್ತಿದ್ರೆ ಒಳಗಿನದ್ದು ತೊಳೆದು ಹೋಗಲ್ಲ. ಭಂಡಾರದ ಮೇಲಿನ ಭಕ್ತಿ ಹಣೆಯ ಮೇಲೆ ಇರಲಿ, ಗಾಯಕ್ಕೆ ಸೋಪು ನೀರು ಇರಲಿ.

ಲೆಕ್ಕ ಮುಗಿಯದ ಗಾಯಗಳು

ಎಲ್ಲಾ ಊತವೂ ಒಳ್ಳೇದೇ ಅಂದುಕೊಂಡ್ರೆ ಅದೂ ತಪ್ಪು. ಉರಿಯೂತದ ಕೆಲಸ ಶುರುವಾಗೋದು ಎಷ್ಟು ಮುಖ್ಯವೋ, ಮುಗಿಯೋದೂ ಅಷ್ಟೇ ಮುಖ್ಯ. ಅದು ತಾನಾಗೇ ಆರಿಹೋಗೋ ಬೆಂಕಿ ಅಲ್ಲ, ಆರಿಸೋಕೆ ದೇಹ ಬೇರೆ ವಸ್ತುಗಳನ್ನೇ ತಯಾರಿಸುತ್ತೆ. 2000ದ ದಶಕದ ಶುರುವಿನಲ್ಲಿ ಅಮೆರಿಕದ ಚಾರ್ಲ್ಸ್ ಸೆರ್ಹಾನ್ ತಂಡ ಅಂಥ ವಸ್ತುಗಳನ್ನ ಗುರುತಿಸಿ ರೆಸಾಲ್ವಿನ್ ಅಂತ ಹೆಸರಿಟ್ಟಿತು.

ಮುಗಿಯದೇ ಹೋಗೋದು ಯಾವಾಗ? ಒಂದು, ಮುಳ್ಳಿನ ಚೂರು ಒಳಗೇ ಮುರಿದು ಉಳಿದಾಗ. ಕಣಗಳಿಗೆ ಅದನ್ನ ನುಂಗೋಕೆ ಆಗಲ್ಲ, ಬಿಟ್ಟು ಹೋಗೋಕೂ ಆಗಲ್ಲ. ಕೀಲಿನ ಹತ್ತಿರ ಆದ್ರೆ ತಿಂಗಳುಗಟ್ಟಲೆ ಊತ.

ಎರಡು, ಮಣ್ಣಿನ ಶಿಲೀಂಧ್ರ ಅಥವಾ ಕೆಲವು ಬ್ಯಾಕ್ಟೀರಿಯಾ ಮುಳ್ಳಿನ ಜೊತೆ ಒಳಗೆ ಹೋದಾಗ. ಈ ರೋಗಕ್ಕೆ ಜಗತ್ತಿನಲ್ಲಿ ಇರೋ ಹೆಸರು ಮದುರಾ ಫುಟ್, ಅಂದ್ರೆ ಮದುರೈ ಪಾದ. 1842ರಲ್ಲಿ ಮದುರೈನಲ್ಲಿ ಗಿಲ್ ಅನ್ನೋ ವೈದ್ಯ ಇದನ್ನ ಗುರುತಿಸಿದ. ಅದೇ ದಶಕದಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಗಾಡ್‌ಫ್ರೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಗೆ ಬರೆದ. ನಮ್ಮ ಈ ತಾಲ್ಲೂಕುಗಳೂ ಆಗ ಅದೇ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯಲ್ಲಿದ್ವು, 1953ರವರೆಗೂ ಬಳ್ಳಾರಿ ಮದ್ರಾಸಿಗೇ ಸೇರಿತ್ತು. ಆಮೇಲೆ ಬಾಂಬೆಯ ಹೆನ್ರಿ ವಾನ್‌ಡೈಕ್ ಕಾರ್ಟರ್ ಇದಕ್ಕೆ ಮೈಸೆಟೋಮಾ ಅಂತ ಹೆಸರಿಟ್ಟು 1874ರಲ್ಲಿ ಇಡೀ ಪುಸ್ತಕ ಬರೆದ. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ನಿರ್ಲಕ್ಷ್ಯಕ್ಕೊಳಗಾದ ರೋಗಗಳ ಪಟ್ಟಿಗೆ ಸೇರಿಸಿದ್ದು 2016ರಲ್ಲಿ!

ಬರಿಗಾಲಲ್ಲಿ ಒಣ ಹೊಲದಲ್ಲಿ ದುಡಿಯೋರಿಗೇ ಇದು ಜಾಸ್ತಿ. ಮೋಸ ಏನು ಅಂದ್ರೆ, ಶುರುವಿನಲ್ಲಿ ನೋವು ಇರೋದಿಲ್ಲ. ಪಾದದಲ್ಲಿ ಒಂದು ಗಂಟು, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತೆ. ಆಮೇಲೆ ತೂತುಗಳು, ಅವುಗಳಿಂದ ರವೆಯಂಥ ಕಾಳು. ಉರಿಯೂತದ ಕಣಗಳು ಸುತ್ತ ಗೋಡೆ ಕಟ್ಟುತ್ತಲೇ ಇರ್ತವೆ, ಗೆಲ್ಲೋದಿಲ್ಲ. ತಡವಾದ್ರೆ ಮೂಳೆಗೆ ಇಳಿದು ಪಾದ ಕತ್ತರಿಸೋ ಮಟ್ಟಕ್ಕೆ ಹೋಗುತ್ತೆ.

ಮೂರು, ಸಕ್ಕರೆ ಕಾಯಿಲೆ. ಇಲ್ಲಿ ಗಾಯ ಎರಡನೇ ಪಾಳಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಮ್ಯಾಕ್ರೋಫೇಜ್ ತನ್ನ ಮಾತು ಬದಲಿಸೋದೇ ಇಲ್ಲ, ಕಟ್ಟೋರನ್ನ ಕರೆಯೋದಿಲ್ಲ. ರಕ್ತದ ಓಡಾಟ ಕಡಿಮೆ, ನರ ಮರಗಟ್ಟಿ ನೋವೂ ಗೊತ್ತಾಗಲ್ಲ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಪಾದಯಾತ್ರೆ ಬರೋರಲ್ಲಿ ಎಷ್ಟೋ ಹಿರಿಯರು ಬರಿಗಾಲಲ್ಲೇ ನಡೀತಾರೆ. ಅವರಲ್ಲಿ ಸಕ್ಕರೆ ಇರೋರ ಪಾದವನ್ನ ರಾತ್ರಿ ತಂಗೋ ಕಡೆ ಮೊಬೈಲ್ ಟಾರ್ಚ್ ಹಾಕಿ ನೋಡೋದು ನಮ್ಮ ವಯಸ್ಸಿನವರ ಕೆಲಸ. ಅವರಿಗೆ ನೋವಾಗದೇ ಇರಬಹುದು, ನಿಮ್ಮ ಕಣ್ಣಿಗೆ ಗಾಯ ಕಾಣುತ್ತೆ.

ಹಾಗಾದ್ರೆ ಏನು ಮಾಡೋಣ?

ಹರಿಯೋ ನೀರು, ಸೋಪು, ಚೆನ್ನಾಗಿ ತೊಳೀರಿ. ಮುಳ್ಳು ಪೂರ್ತಿ ಬಂತಾ ನೋಡಿ, ಒಳಗೆ ಮುರಿದಿದ್ರೆ ಪಿನ್ ಹಾಕಿ ಕೆದಕಬೇಡಿ, ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ನೆನಪಿಲ್ಲ ಅಂದ್ರೆ ಕೇಳಿ ಹಾಕಿಸಿಕೊಳ್ಳಿ. ಮೊದಲ ಎರಡು ಮೂರು ದಿನದ ಸಣ್ಣ ಊತಕ್ಕೆ ಹೆದರಬೇಡಿ, ಕಾಲಿಗೆ ವಿಶ್ರಾಂತಿ ಕೊಡಿ. ಆದ್ರೆ ಕೆಂಪು ಹರಡ್ತಾ ಹೋದ್ರೆ, ಜ್ವರ ಬಂದ್ರೆ, ಊತ ದಿನದಿಂದ ದಿನಕ್ಕೆ ಏರಿದ್ರೆ, ನೋವಿಲ್ಲದ ಗಂಟು ವಾರಗಳಾದ್ರೂ ಉಳಿದ್ರೆ ತಡ ಮಾಡಬೇಡಿ. ಮನೇಲಿ ಸಕ್ಕರೆ ಇರೋರಿದ್ರೆ ಸಣ್ಣ ಗಾಯವನ್ನೂ ವೈದ್ಯರಿಗೆ ತೋರಿಸಿ.

ಗಾಯ ಮಾಯಿಸೋದು ಅರಿಶಿಣವೂ ಅಲ್ಲ, ಮುಲಾಮೂ ಅಲ್ಲ, ನಿಮ್ಮದೇ ಮೈ. ಹೊರಗಿಂದ ನಾವು ಮಾಡಬಹುದಾದದ್ದು ಇಷ್ಟೇ: ಆ ಕೆಲಸಕ್ಕೆ ಅಡ್ಡ ಬರೋದನ್ನ ತೆಗೆಯೋದು, ಕೆಲಸ ಮುಗೀತಾ ಅಂತ ನೋಡ್ತಾ ಇರೋದು.

ಮನೇಲಿ ಹೊಲಕ್ಕೆ ಹೋಗೋರು ಯಾರಾದ್ರೂ ಇದ್ರೆ ಈ ಸಂಚಿಕೆ ಅವರಿಗೂ ಕೇಳಿಸಿ.